ತೋಟದ ಮೇಲಿನ ಕಾಡನ್ನು ಬೆಂಕಿಯಿಂದ ಕಾಯಲು ಒಳಗಿನ ಪೊದೆಯನ್ನೆಲ್ಲ ಸವರಬೇಕೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಿಂದ

ಮಾನ್ಯರೇ, ನಮ್ಮ ಕಾಫಿ ತೋಟದ ಮೇಲ್ಭಾಗದಲ್ಲಿ, ನಮ್ಮ ಹಿಡುವಳಿಗೇ ಸೇರಿದ ಆರು ಎಕರೆ ಕಾಡನ್ನು ತಾತನ ಕಾಲದಿಂದ ಉಳಿಸಿಕೊಂಡು ಬಂದಿದ್ದೇವೆ. ಅದರ ನೆತ್ತಿಯಲ್ಲಿ ಹುಲ್ಲುಗಾವಲಿದೆ. ಕಳೆದ ಮಾರ್ಚ್‌ನಲ್ಲಿ ಹುಲ್ಲಿಗೆ ಯಾರೋ ಹಚ್ಚಿದ ಬೆಂಕಿ ಕೆಳಗಿಳಿದು ಕಾಡಿನ ಅಂಚಿನ ಸುಮಾರು ಒಂದು ಎಕರೆಯನ್ನು ಸುಟ್ಟಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಆಳೆತ್ತರದ ಯುಪಟೋರಿಯಂ ಕಳೆ ಎದ್ದು ನಿಂತಿದೆ. ಉಳಿದ ಹಲಸು, ನೇರಳೆ ಮರಗಳ ಬುಡವನ್ನು ನೋಡಿದರೆ ಏರಿನ ಕಡೆ ಮಾತ್ರ ಮೊಣಕಾಲೆತ್ತರಕ್ಕೆ ತೊಗಟೆ ಸೀದು ಬಿರುಕು ಬಿಟ್ಟಿದೆ, ಇಳಿಜಾರಿನ ಕಡೆಯ ತೊಗಟೆ ಹಾಗೇ ಇದೆ. ಪೊದೆ, ಸಣ್ಣ ಗಿಡಗಳನ್ನೆಲ್ಲ ಸವರಿ ತರಗೆಲೆಯನ್ನು ಗುಡಿಸಿ ಸುಟ್ಟುಬಿಟ್ಟರೆ ಮುಂದೆ ಬೆಂಕಿ ಒಳಗೆ ಬರುವುದಿಲ್ಲ ಎಂದು ಬಂಧುಗಳು ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ 1: ಸಕಲೇಶಪುರದ ಬೆಳೆಗಾರ

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಕಡೆಯ ನಿತ್ಯಹಸಿರು ಕಾಡಿಗೆ ಬೆಂಕಿಯಿಂದ ರಕ್ಷಣೆ ಅದರ ನೆರಳು ಮತ್ತು ತೇವ. ಮಾರ್ಚ್ ತಿಂಗಳ ಮಧ್ಯಾಹ್ನವೂ ದಟ್ಟ ಕಾಡಿನೊಳಗೆ ತರಗೆಲೆಯ ಮೇಲಿನ ಪದರವನ್ನು ಸರಿಸಿದರೆ ಅಡಿಯಲ್ಲಿ ಮಣ್ಣು ತಣ್ಣಗೆ, ಒದ್ದೆಯಾಗಿ ಸಿಗುತ್ತದೆ. ಅಂಥ ನೆಲದಲ್ಲಿ ಬೆಂಕಿ ತಾನಾಗಿಯೇ ಕುಂದುತ್ತದೆ. ಸಣ್ಣ ಗಿಡಗಳನ್ನು ಸವರಿದರೆ ನಾಳಿನ ಮರಗಳೇ ಹೋಗುತ್ತವೆ, ಬಿಸಿಲು ನೆಲಕ್ಕಿಳಿಯುತ್ತದೆ, ಬಿಸಿಲಿನ ಹಿಂದೆಯೇ ಹುಲ್ಲು, ಲಂಟಾನ, ಯುಪಟೋರಿಯಂ ಬರುತ್ತವೆ. ಬೇಸಿಗೆಯಲ್ಲಿ ಸೌದೆಯಂತೆ ಉರಿಯುವುದು ಇವೇ.

ಆದ್ದರಿಂದ ನಿಮ್ಮ ಶ್ರಮ ಅಂಚಿನಲ್ಲಿರಲಿ. ಹುಲ್ಲುಗಾವಲು ಕಾಡಿಗೆ ತಾಗುವ ಉದ್ದಕ್ಕೂ ನಾವು ಸಂಕ್ರಾಂತಿ ಕಳೆದ ಮೇಲೆ ಇಪ್ಪತ್ತು ಅಡಿ ಅಗಲಕ್ಕೆ ಹುಲ್ಲು ಕೊಯ್ದು, ನೆಲ ಕಾಣುವಂತೆ ಕೆರೆದು ಬೆಂಕಿ ರೇಖೆ ಮಾಡುತ್ತೇವೆ. ಫೆಬ್ರವರಿ ಮಧ್ಯದಲ್ಲಿ ಅದನ್ನು ಮತ್ತೆ ಗುಡಿಸದಿದ್ದರೆ ಹೊಸದಾಗಿ ಉದುರಿದ ಎಲೆಯೇ ಬೆಂಕಿಗೆ ಸೇತುವೆಯಾಗುತ್ತದೆ. ಕೊಯ್ದದ್ದನ್ನು ಅಲ್ಲಿಯೇ ಸುಡದೆ ಕೊಟ್ಟಿಗೆಗೋ ತೋಟದ ತೊಟ್ಟಿಲು ಗುಂಡಿಗೋ (ಕಾಫಿ ಗಿಡಗಳ ಸಾಲಿನ ನಡುವೆ ತೋಡುವ ಉದ್ದನೆಯ ಗುಂಡಿ) ಸಾಗಿಸಿ.

ಯುಪಟೋರಿಯಂ ಅನ್ನು ಮುಂದಿನ ಸಲ ಮಣ್ಣು ಮೆತ್ತಗಿರುವಾಗಲೇ, ಹೂ ಬಿಡುವ ಮುನ್ನ, ಬೇರುಸಹಿತ ಕೀಳಿಸಿ. ಕತ್ತಿಯಿಂದ ಸವರಿದರೆ ಬುಡದಿಂದ ಮತ್ತೆ ನಾಲ್ಕು ಕವಲು ಚಿಗುರುತ್ತವೆ. ಲಂಟಾನಕ್ಕೂ ಅದೇ ಗುಣ. ಅದರ ತಾಯಿಬೇರನ್ನು ನೆಲಮಟ್ಟಕ್ಕಿಂತ ಎರಡು ಇಂಚು ಕೆಳಗೆ ಕಡಿದು, ಬೇರು ಮೇಲಾಗುವಂತೆ ಪೊದೆಯನ್ನು ಬೋರಲು ಹಾಕಿದರೆ ಮತ್ತೆ ನಾಟಿಕೊಳ್ಳುವುದಿಲ್ಲ. ಸುಟ್ಟ ಒಂದು ಎಕರೆಯಲ್ಲಿ ಸಿಲ್ವರ್ ಓಕ್ ಅಥವಾ ಅಕೇಶಿಯಾ ಹಾಕುವ ಆಲೋಚನೆಯಿದ್ದರೆ ಕೈಬಿಡಿ, ಅವುಗಳ ಒಣ ಎಲೆ ಬೇಗ ಕೊಳೆಯದೆ ರಾಶಿ ಬೀಳುತ್ತದೆ. ಅತ್ತಿ, ಬಸರಿ, ನೇರಳೆ ನೆಡಿ. ತಾವಾಗಿಯೇ ಚಿಗುರಿದ ಬುಡಗಳಿದ್ದರೆ ಅವನ್ನು ಕಾಪಾಡುವುದು ಇನ್ನೂ ಒಳ್ಳೆಯದು.

ಉತ್ತರ 2: ಚಿಕ್ಕಮಗಳೂರಿನಿಂದ, ನಿವೃತ್ತ ಅರಣ್ಯ ಸಿಬ್ಬಂದಿ

ಮರಗಳು ಏರಿನ ಕಡೆಯೇ ಸೀದದ್ದಕ್ಕೆ ಕಾರಣವಿದೆ. ಇಳಿಜಾರಿನಲ್ಲಿ ಜಾರಿ ಬರುವ ಎಲೆ, ಕಡ್ಡಿಗಳು ಕಾಂಡಕ್ಕೆ ತಡೆದು ಅದರ ಮೇಲ್ಬದಿಯಲ್ಲಿ ಗುಪ್ಪೆಯಾಗುತ್ತವೆ; ಉಳಿದೆಡೆ ಬೆಂಕಿ ಕ್ಷಣದಲ್ಲಿ ದಾಟಿಹೋದರೂ ಅಲ್ಲಿ ಬಹಳ ಹೊತ್ತು ಉರಿಯುತ್ತದೆ. ಅಂಚಿನ ದೊಡ್ಡ ಮರಗಳ ಬುಡದಿಂದ ಆ ಗುಪ್ಪೆಯನ್ನು ಮಾತ್ರ ಜನವರಿಯಲ್ಲಿ ನಾಲ್ಕೈದು ಅಡಿ ದೂರಕ್ಕೆ ಹರಡಿಸಿ. ಮೊಸಳೆಯ ಚರ್ಮದಂಥ ದಪ್ಪ ತೊಗಟೆಯ ಮತ್ತಿ ಇಂಥ ಬೆಂಕಿಯನ್ನು ತಾಳಿಕೊಳ್ಳುತ್ತದೆ, ತೆಳು ತೊಗಟೆಯ ಮರಗಳು ತಾಳುವುದಿಲ್ಲ. ಸೀದ ಮರವನ್ನು ಸತ್ತಿತೆಂದು ಅವಸರದಲ್ಲಿ ಕಡಿಯಬೇಡಿ. ಒಂದೆರಡು ಮಳೆಗಾಲ ಕಾದು ನೋಡಿ. ಆಮೇಲೂ ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ವಿಚಾರಿಸಿಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಬೆಂಕಿ ಏರಿನ ಕಡೆಗೆ ಓಡುವ ವೇಗ ಮನುಷ್ಯನಿಗೆ ಅಂದಾಜಿಗೆ ಸಿಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಕಾಳ್ಗಿಚ್ಚು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ಪ್ರಾಣ ಕಳೆದುಕೊಂಡರು, ಅವರು ಕಾಡಿನ ಕೆಲಸ ಬಲ್ಲವರೇ ಆಗಿದ್ದರು. ನಿಮ್ಮ ಆಳುಗಳನ್ನು ಎಂದಿಗೂ ಬೆಂಕಿಯ ಮೇಲ್ಭಾಗದಲ್ಲಿ ನಿಲ್ಲಿಸಬೇಡಿ, ಎದುರು ಬೆಂಕಿ ಕೊಡುವ (ಬರುತ್ತಿರುವ ಬೆಂಕಿಯ ಮುಂದಿನ ಹುಲ್ಲನ್ನು ನಾವೇ ಮೊದಲು ಸುಡುವ) ಸಾಹಸಕ್ಕೂ ಇಳಿಯಬೇಡಿ. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಉತ್ತರ 3: ಕೊಟ್ಟಿಗೆಹಾರದ ಕಡೆಯಿಂದ

ಹುಲ್ಲಿಗೆ ಬೆಂಕಿ ಹಾಕುವವರು ಬಹುಪಾಲು ದನಗಳಿಗೆ ಎಳೆ ಹುಲ್ಲು ಚಿಗುರಲಿ ಎಂದು ಹಾಕುತ್ತಾರೆ. ನಾವು ಡಿಸೆಂಬರ್‌ನಲ್ಲಿಯೇ ಅಂಥ ಮನೆಗಳಿಗೆ ಹೋಗಿ, ನಮ್ಮ ಅಂಚಿನ ಹುಲ್ಲನ್ನು ನೀವೇ ಕೊಯ್ದುಕೊಂಡು ಹೋಗಿ ಎಂದು ಕೇಳಿಕೊಂಡೆವು. ರೇಖೆಯ ಅರ್ಧ ಕೆಲಸ ಅದರಲ್ಲಿಯೇ ಮುಗಿಯಿತು, ಮೂರು ಬೇಸಿಗೆಯಿಂದ ಆ ಬದಿಯಲ್ಲಿ ಬೆಂಕಿ ಬಂದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಾಡಿನೊಳಗೆ ಕತ್ತಿ ಆಡಿಸುವುದನ್ನು ಕೈಬಿಟ್ಟಿದ್ದೇವೆ. ಹುಲ್ಲುಗಾವಲಿನ ಆಚೆ ದನ ಸಾಕಿರುವ ಮನೆಗಳು ನಾಲ್ಕಿವೆ. ಈ ಭಾನುವಾರ ತಂದೆಯವರೊಡನೆ ಹೋಗಿ ಮಾತನಾಡಿಸಿ ಬರುತ್ತೇನೆ.