ಬ್ಯಾಶ್ ಬಿಟ್ಟು ಜೆಡ್‌ಶೆಲ್‌ಗೆ ಹೋದರೆ ಹಳೆ ಸ್ಕ್ರಿಪ್ಟ್‌ಗಳು ಕೆಡುತ್ತವಾ?

ಪ್ರಶ್ನೆ: ಸರ್, ನಾಲ್ಕು ವರ್ಷದಿಂದ ಉಬುಂಟುವಿನಲ್ಲಿ ಬ್ಯಾಶ್ ಶೆಲ್ (ಟರ್ಮಿನಲ್‌ನಲ್ಲಿ ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಬಳಸುತ್ತಿದ್ದೇನೆ. ಟೀಮಿಗೆ ಹೊಸದಾಗಿ ಬಂದವರೆಲ್ಲ ಮ್ಯಾಕ್‌ನವರು, ಅವರದ್ದು ಜೆಡ್‌ಶೆಲ್ (zsh) ಎಂಬ ಬೇರೆ ಶೆಲ್. ಎರಡಕ್ಷರ ಟೈಪ್ ಮಾಡಿದರೆ ಸಾಕು, ಹಳೆ ಕಮಾಂಡ್ ಬೂದು ಬಣ್ಣದಲ್ಲಿ ತಾನಾಗಿ ಮೂಡುತ್ತದೆ. ನನಗೂ ಅದು ಬೇಕು. ಆದರೆ ನನ್ನ ಹತ್ತಿರ ಮೂವತ್ತು ಸ್ಕ್ರಿಪ್ಟ್, ಒಂದು ರಾಶಿ ಅಲಿಯಾಸ್ (ಉದ್ದ ಕಮಾಂಡ್‌ಗಳಿಗೆ ಇಟ್ಟ ಚಿಕ್ಕ ಹೆಸರು) ಇವೆ. ಅವು ಕೆಡುತ್ತವಾ?

ಉತ್ತರ: ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದು ಬರೆದಿದ್ದರೆ ಏನೂ ಆಗಲ್ಲ ಮೇಡಂ. ನೀವು ಯಾವ ಶೆಲ್‌ನಿಂದ ಓಡಿಸಿದರೂ ಅದನ್ನು ನಡೆಸುವುದು ಬ್ಯಾಶೇ. ಆ ಸಾಲು ಇಲ್ಲದವಕ್ಕೆ ಇವತ್ತೇ ಸೇರಿಸಿ. ಅಲಿಯಾಸ್‌ಗಳನ್ನು ಜೆಡ್‌ಶೆಲ್‌ನ ಸೆಟ್ಟಿಂಗ್ ಇರುವ ಹೊಸ ಜೆಡ್‌ಎಸ್‌ಎಚ್‌ಆರ್‌ಸಿ (.zshrc) ಫೈಲಿಗೆ ನಕಲು ಮಾಡಿಕೊಂಡರೆ ಹೆಚ್ಚುಕಮ್ಮಿ ಎಲ್ಲವೂ ನಡೆಯುತ್ತವೆ.

ಹುಷಾರಾಗಿರಬೇಕಾದ್ದು ನೀವು ಸೋರ್ಸ್ ಮಾಡುವ, ಅಂದರೆ ತೆರೆದಿರುವ ಶೆಲ್‌ನೊಳಗೇ ಓಡಿಸುವ ಫೈಲ್‌ಗಳ ಬಗ್ಗೆ, ಟರ್ಮಿನಲ್‌ನಲ್ಲೇ ಬರೆಯುವ ಲೂಪ್‌ಗಳ ಬಗ್ಗೆ. ಒಂದು ವೇರಿಯಬಲ್‌ನಲ್ಲಿ ಮೂರು ಫೈಲ್ ಹೆಸರು ಇವೆ, ನಡುವೆ ಸ್ಪೇಸ್ ಇದೆ ಅಂದುಕೊಳ್ಳಿ. ಕೋಟ್ ಹಾಕದೆ ಫಾರ್ ಲೂಪಿಗೆ ಕೊಟ್ಟರೆ ಬ್ಯಾಶ್ ಮೂರು ಸಲ ಸುತ್ತುತ್ತದೆ. ಜೆಡ್‌ಶೆಲ್ ಮೂರನ್ನೂ ಒಂದೇ ಹೆಸರು ಎಂದುಕೊಂಡು ಒಂದೇ ಸಲ ಸುತ್ತುತ್ತದೆ. ಅರೇ (ಪಟ್ಟಿ) ಎಣಿಕೆ ಬ್ಯಾಶ್‌ನಲ್ಲಿ 0ಯಿಂದ, ಜೆಡ್‌ಶೆಲ್‌ನಲ್ಲಿ 1ರಿಂದ. ಎಷ್ಟೋ ಸಲ ಎರರ್ ಕೂಡ ಬರಲ್ಲ, ಅದೇ ಅಪಾಯ.

ಜೆಡ್‌ಶೆಲ್ ಪ್ಯಾಕೇಜ್ ಹಾಕಿಕೊಂಡು ಒಂದು ವಾರ ಬ್ಯಾಶ್ ಒಳಗಿಂದಲೇ ಜೆಡ್‌ಶೆಲ್ ತೆರೆದು ಕೆಲಸ ಮಾಡಿ. ಮೊದಲ ಸಲ ಬರುವ ಮೆನುವಿನಲ್ಲಿ 2 ಒತ್ತಿದರೆ ಹಿಸ್ಟರಿ, ಟ್ಯಾಬ್ ಒತ್ತಿದರೆ ಕಮಾಂಡ್ ಪೂರ್ತಿ ಆಗುವುದು ಎರಡೂ ಸಿದ್ಧ. ಬೂದು ಬಣ್ಣದ ಸಲಹೆಗೆ ಆಟೋಸಜೆಷನ್ಸ್ ಎಂಬ ಬೇರೆ ಪ್ಯಾಕೇಜ್ ಉಬುಂಟುವಿನಲ್ಲೇ ಸಿಗುತ್ತದೆ. ಅದನ್ನು ಸೋರ್ಸ್ ಮಾಡುವ ಒಂದು ಸಾಲನ್ನು ಜೆಡ್‌ಎಸ್‌ಎಚ್‌ಆರ್‌ಸಿ ಫೈಲಿಗೆ ಸೇರಿಸಿ. ಬಲ ಬಾಣದ ಕೀ ಒತ್ತಿದರೆ ಸಲಹೆ ಪೂರ್ತಿ ಬರುತ್ತದೆ.

ಕೈ ಪಳಗಿದ ಮೇಲೆ ಸಿಎಚ್‌ಎಸ್‌ಎಚ್ ಕಮಾಂಡ್‌ನಿಂದ ಲಾಗಿನ್ ಶೆಲ್ ಬದಲಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ರೂಟ್ (ಪೂರ್ತಿ ಅಧಿಕಾರವಿರುವ) ಖಾತೆಯ ಶೆಲ್ ಮಾತ್ರ ಮುಟ್ಟಬೇಡಿ. ನಾನು ಒಂದು ಸರ್ವರ್‌ನಲ್ಲಿ ಹಾಗೆ ಮಾಡಿದ್ದೆ. ತಿಂಗಳ ನಂತರ ಯಾರೋ ಜೆಡ್‌ಶೆಲ್ ಪ್ಯಾಕೇಜ್ ತೆಗೆದುಹಾಕಿದರು, ರೂಟ್ ಆಗಿ ಒಳಗೆ ಹೋಗಲು ಆಗಲಿಲ್ಲ. ರೆಸ್ಕ್ಯೂ ಮೋಡ್‌ನಲ್ಲಿ ಸರಿಮಾಡಲು ಅರ್ಧ ರಾತ್ರಿ ಹೋಯಿತು.

ಪ್ರಶ್ನೆ: ಧನ್ಯವಾದ ಸರ್. ಸಹೋದ್ಯೋಗಿಯ ಜೆಡ್‌ಎಸ್‌ಎಚ್‌ಆರ್‌ಸಿ ಫೈಲನ್ನೇ ಹಾಕಿಕೊಂಡೆ. ತುಂಬಾ ಚೆನ್ನಾಗಿ ಕಾಣುತ್ತದೆ, ಆದರೆ ಟರ್ಮಿನಲ್ ತೆರೆಯಲು ಎರಡು ಸೆಕೆಂಡ್ ಬೇಕು!

ಉತ್ತರ: ಬೇರೆಯವರ ಫೈಲ್ ಪೂರ್ತಿ ತರಬೇಡಿ ಮೇಡಂ. ನಿಮಗೆ ಅರ್ಥವಾದ ಸಾಲು ಮಾತ್ರ ಇರಲಿ. ನಿಧಾನಕ್ಕೆ ಕಾರಣ ಹುಡುಕಲು ಫೈಲಿನ ತಲೆಗೆ ಜೆಡ್‌ಪ್ರೊಫ್ ಮಾಡ್ಯೂಲ್ ಲೋಡ್ ಮಾಡುವ ಸಾಲು, ಕೊನೆಗೆ ಜೆಡ್‌ಪ್ರೊಫ್ ಎಂಬ ಪದ ಹಾಕಿ. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಪಟ್ಟಿ ಬರುತ್ತದೆ. ಎನ್‌ವಿಎಂ (ನೋಡ್ ಆವೃತ್ತಿ ಬದಲಿಸುವ ಸಾಧನ) ಇದ್ದರೆ ಜಾಸ್ತಿ ಅನುಮಾನ ನನಗೆ ಅದರ ಮೇಲೇ. ಅದನ್ನು ಬೇಕಾದಾಗ ಮಾತ್ರ ಲೋಡ್ ಆಗುವಂತೆ ಮಾಡಬಹುದು. ಪಟ್ಟಿಯ ಮೇಲಿನ ಐದು ಸಾಲು ಇಲ್ಲಿ ಹಾಕಿ, ನೋಡೋಣ.