ಸಹಾಯ ಬೇಕು: ತೊಡೆಯ ಕೊಬ್ಬು ಕ್ಯಾಲಿಪರ್‌ಗೆ ಸರಿಯಾಗಿ ಸಿಗುತ್ತಿಲ್ಲ

ಮಹಿಳೆಯರ ತೊಡೆಯ ಕೊಬ್ಬನ್ನು ಕ್ಯಾಲಿಪರ್‌ನಲ್ಲಿ (ಚಿವುಟಿ ಹಿಡಿದ ಚರ್ಮದ ಮಡಿಕೆಯ ದಪ್ಪ ಅಳೆಯುವ ಇಕ್ಕಳದಂಥ ಸಾಧನ) ಅಳೆಯುವವರು ಇದ್ದರೆ ದಯವಿಟ್ಟು ದಾರಿ ಹೇಳಿ. ಹೊಟ್ಟೆಯ ಅಳತೆ ಸ್ಥಿರವಾಗಿ ಸಿಗುತ್ತದೆ. ತೊಡೆಯದು ಮಾತ್ರ ಒಂದೇ ದಿನ ಎರಡು ಸಲ ಹಿಡಿದರೆ 4 ಮಿ.ಮೀ. ವ್ಯತ್ಯಾಸ.

ತೊಡೆ ನಿಧಾನವಾಗಿ ಇಳಿಯುವುದು ಸಹಜ. ಅಲ್ಲಿನ ಕೊಬ್ಬಿನ ಕೋಶಗಳಲ್ಲಿ ಆಲ್ಫಾ-2 ಗ್ರಾಹಕಗಳು (ಅಡ್ರಿನಾಲಿನ್ ಹಾರ್ಮೋನು ಬಂದು ಅಂಟುವ ಪ್ರೋಟೀನ್‌ಗಳು) ಹೆಚ್ಚು, ಅಡ್ರಿನಾಲಿನ್ ಬಂದರೂ ಕೊಬ್ಬು ಹೊರಬೀಳದಂತೆ ತಡೆಯುತ್ತವೆ. ಈಸ್ಟ್ರೋಜೆನ್ ಕೂಡ ಕೊಬ್ಬನ್ನು ಸೊಂಟದ ಕೆಳಗೇ ಕೂಡಿಡುತ್ತದೆ. ಹಾಗಾಗಿ ನಾನು ಅಳೆಯುವ ಮಹಿಳೆಯರಿಗೆ ದಿನಕ್ಕೆ 300–500 ಕ್ಯಾಲೊರಿ ಕೊರತೆ, ಕೆ.ಜಿ. ತೂಕಕ್ಕೆ 1.6 ಗ್ರಾಂ ಪ್ರೋಟೀನ್, ಭಾರ ಎತ್ತುವ ವ್ಯಾಯಾಮ ಹಾಗೇ ಮುಂದುವರಿಯುತ್ತವೆ. ತೊಡೆಗೆಂದೇ ವ್ಯಾಯಾಮ ಮಾಡಿಸಿ ಅಲ್ಲಿನ ಕೊಬ್ಬು ಕರಗಿಸಿ ಎಂಬ ಸಲಹೆ ಮಾತ್ರ ಬೇಡ.

ಈಗಿನ ಕ್ರಮ: ಬಲತೊಡೆಯ ನಡುವೆ ಪೆನ್ ಗುರುತು, ಉದ್ದಕ್ಕೆ ಮಡಿಕೆ, ಬೆರಳಿನಿಂದ 1 ಸೆಂ.ಮೀ. ದೂರದಲ್ಲಿ ಕ್ಯಾಲಿಪರ್, 2 ಸೆಕೆಂಡಿಗೆ ಓದು. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲಬಹುದು, ಅದಕ್ಕೇ ಪ್ರತಿ ತಿಂಗಳೂ ಮುಟ್ಟಾದ 7ನೇ ದಿನವೇ ಅಳತೆ. ಆದರೂ ಚರ್ಮ ಬಿಗಿಯಿರುವವರಲ್ಲಿ ಮಡಿಕೆ ಸ್ನಾಯುವಿನಿಂದ ಬಿಡಿಸಿಕೊಳ್ಳುವುದೇ ಇಲ್ಲ, ಕ್ಯಾಲಿಪರ್‌ನ ತುದಿ ಜಾರಿಬಿಡುತ್ತದೆ. ಕುರ್ಚಿಯಲ್ಲಿ ಕೂರಿಸಿ, ತೊಡೆಯ ಹಿಂಭಾಗವನ್ನು ಅವರೇ ಎರಡೂ ಕೈಯಲ್ಲಿ ಎತ್ತಿ ಹಿಡಿದರೆ ತುಸು ಸಡಿಲವಾಗುತ್ತದೆ, ಅಷ್ಟು ಸಾಲದು.

ಮಡಿಕೆಯನ್ನು ಇಬ್ಬರು ಸೇರಿ ಹಿಡಿದು ಅಳೆಯುವವರಿದ್ದೀರಾ? ಬೆರಳು ಎಲ್ಲೆಲ್ಲಿ ಇಡುತ್ತೀರಿ? ಇಲ್ಲವೇ ಇಂಥವರಿಗೆ ಟೇಪಿನ ಸುತ್ತಳತೆಯನ್ನಷ್ಟೇ ನಂಬುವುದು ಒಳ್ಳೆಯದೇ?