ರ‍್ಯಾಂಡಮೈಸೇಶನ್: ‘ಯಾದೃಚ್ಛಿಕ’ ಬಿಟ್ಟರೆ ಬೇರೆ ಏನಿದೆ? (ಸೋಮವಾರದೊಳಗೆ ಬೇಕು)

ಕೋಲಾರದಿಂದ:
ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರ ತರಬೇತಿಗೆ ಮಾದರಿ ಒಪ್ಪಿಗೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಔಷಧಿ ಪ್ರಯೋಗದಲ್ಲಿ ಯಾರು ಯಾವ ಗುಂಪಿಗೆ ಅಂತ ರ‍್ಯಾಂಡಮ್ ಆಗಿ ತೀರ್ಮಾನಿಸುತ್ತಾರಲ್ಲ, ಆ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಎಂದು ಬರೆದು ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿದೆ. “ಯಾರ ಇಚ್ಛೆಯಮ್ಮಾ, ಡಾಕ್ಟ್ರುದ್ದಾ?” ಅಂದರು. ‘ಚೀಟಿ ಎತ್ತಿ’ ಎಂದು ತಿದ್ದಿ ಓದಿದೆ. “ಎಷ್ಟು ಸಾವಿರದ ಚೀಟಿ?” ಅಂದರು. ನಮ್ಮ ಕಡೆ ಚೀಟಿ ಎತ್ತೋದು ಅಂದರೆ ತಿಂಗಳ ಚೀಟಿ ದುಡ್ಡೇ.

ತುಮಕೂರಿನಿಂದ:
ಅಜ್ಜಿಗೆ ತಿಳಿಯಲಿಲ್ಲ ಎಂದರೆ ಪದ ತಪ್ಪಾಗದು. ಯದೃಚ್ಛೆಯಲ್ಲಿ ಇಚ್ಛೆಯೇ ಇಲ್ಲ. ಇಚ್ಛೆ ‘ಇಷ್’ ಧಾತುವಿನದು, ಇದು ‘ಋ’ ಧಾತುವಿನದು. ಗೀತೆಯ 4ನೇ ಅಧ್ಯಾಯದ ‘ಯದೃಚ್ಛಾಲಾಭಸಂತುಷ್ಟ’ ಯಾರು? ಬಯಸದೆ ತಾನಾಗಿ ಬಂದದ್ದರಲ್ಲಿ ತೃಪ್ತನಾದವನು. ರ‍್ಯಾಂಡಮ್‌ಗೆ ಇದಕ್ಕಿಂತ ಹೊಂದುವ ಪದ ಇಲ್ಲ. ಬದಲಿಸಬೇಡಿ.

ಚಿಕ್ಕಬಳ್ಳಾಪುರದಿಂದ:
ಧಾತು ಬಿಡಿಸಿ ಹೇಳಬೇಕಾದ ಪದ ಒಪ್ಪಿಗೆ ಪತ್ರಕ್ಕೆ ಯಾಕೆ? ಸಂಸ್ಕೃತದಿಂದ ತಂದ ಸಾಲ ಸಾಕು. ‘ಬೇಕಾಬಿಟ್ಟಿ ಹಂಚಿಕೆ’ ಎನ್ನಿ, ಎಲ್ಲರಿಗೂ ತಿಳಿಯುತ್ತೆ. ‘ಔಷಧಿ’ಯನ್ನೂ ‘ಮದ್ದು’ ಮಾಡಿ.

ತುಮಕೂರಿನಿಂದ:
ಬೇಕಾಬಿಟ್ಟಿ ಮದ್ದು ಕೊಡುವ ಕಡೆ ನಿಮ್ಮ ಮನೆಯವರನ್ನು ಕಳಿಸುತ್ತೀರಾ? ನಮ್ಮ ಸೀಮೆಯಲ್ಲಿ ‘ಮದ್ದು ಹಾಕಿದ್ದಾರೆ’ ಅಂದರೆ ಏನರ್ಥ ಅಂತ ನಿಮಗೂ ಗೊತ್ತು. ಸಾಲ ಅಂತೀರಿ, ‘ಡಾಕ್ಟರ್’ ಯಾವ ಊರಿನದು? ‘ದವಾಖಾನೆ’ ಯಾರ ಮನೆಯದು? ಸಂಸ್ಕೃತ ಬಂದಾಗ ಮಾತ್ರ ನಿಮಗೆ ಲೆಕ್ಕ ನೆನಪಾಗುತ್ತದೆ.

ಶಿರಾದಿಂದ:
ಸಾಲದ ಲೆಕ್ಕ ಇನ್ನೊಂದು ದಿನ ನೋಡೋಣ. ‘ಬೇಕಾಬಿಟ್ಟಿ’ಯಂತೂ ಕೂಡದು, ಆ ಕ್ರಮದಲ್ಲಿ ಇರುವುದು ಬಿಗಿಯೇ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ವರದಿ ಬಂತಲ್ಲ, ಅದರಲ್ಲಿ 107 ರೋಗಿಗಳು. 55 ಮಂದಿಗೆ ಹಾಸಿಗೆ ವಿಶ್ರಾಂತಿಯ ಜೊತೆಗೆ ಔಷಧಿ, 52 ಮಂದಿಗೆ ಬರೀ ವಿಶ್ರಾಂತಿ. ಯಾರು ಯಾವ ಕಡೆ ಎಂಬುದು ಅಂಟಿಸಿದ ಲಕೋಟೆಯಲ್ಲಿತ್ತು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಅದನ್ನು ಒಡೆಯುತ್ತಿದ್ದರು. ಇಲ್ಲದಿದ್ದರೆ ವೈದ್ಯರ ಕೈ ತಿಳಿಯದೆಯೇ ಗಟ್ಟಿಮುಟ್ಟಾದವರನ್ನು ಔಷಧಿಯ ಕಡೆಗೆ ತಳ್ಳುತ್ತಿತ್ತು. ಆಮೇಲೆ ವಾಸಿಯಾದದ್ದು ಔಷಧಿಯಿಂದಲೋ ಮೈಯ ಕಸುವಿನಿಂದಲೋ ಹೇಳುವುದು ಹೇಗೆ?

ಒಪ್ಪಿಗೆ ಪತ್ರ ತಾಂತ್ರಿಕವಲ್ಲದ, ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂದು ನಮ್ಮ ದೇಶದ 2019ರ ಔಷಧಿ ಪ್ರಯೋಗದ ನಿಯಮಗಳೇ ಹೇಳುತ್ತವೆ. ಓದಲು ಬಾರದವರ ಪಕ್ಕದಲ್ಲಿ ಒಪ್ಪಿಗೆ ಪಡೆಯುವ ಕೆಲಸ ಮುಗಿಯುವವರೆಗೂ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು. ಆ ಸಾಕ್ಷಿಗೂ ಅರ್ಥವಾಗದ ಪದ ಅಲ್ಲಿ ಬೇಡ. ಒಂದೇ ಪದದಲ್ಲಿ ಮುಗಿಸಬೇಕೆಂಬ ಹಟ ಬಿಡಿ, ನಡೆಯುವುದನ್ನು ಹೇಳಿ: “ನೀವು ಯಾವ ಗುಂಪಿಗೆ ಬರುತ್ತೀರಿ ಎಂಬುದನ್ನು ನೀವೂ ಆರಿಸುವುದಿಲ್ಲ, ಡಾಕ್ಟರೂ ಆರಿಸುವುದಿಲ್ಲ. ನಾಣ್ಯ ಚಿಮ್ಮಿದರೆ ಯಾವ ಮುಖ ಬೀಳುತ್ತದೋ ಮೊದಲೇ ಗೊತ್ತಾಗದಂತೆ ಇದೂ ಗೊತ್ತಾಗುವುದಿಲ್ಲ.” ಯಾದೃಚ್ಛಿಕ ಪಠ್ಯಪುಸ್ತಕದಲ್ಲಿ ಸುಖವಾಗಿರಲಿ.

ತುಮಕೂರಿನಿಂದ:
ಒಂದು ಪದಕ್ಕೆ ಎರಡು ವಾಕ್ಯ. ಭಾಷೆ ಬೆಳೆಯುವುದು ಹೀಗಲ್ಲ.

ಕೋಲಾರದಿಂದ:
ಶಿರಾದ ಸರ್, ನಿಮ್ಮ ಎರಡೂ ವಾಕ್ಯ ಹಾಗೇ ಹಾಕಿಕೊಂಡೆ, ಅಜ್ಜಿಗೂ ಓದಿದೆ. “ನಾಣ್ಯ ಗೊತ್ತಾಯ್ತು. ಆ ಕಡೆ ಗುಂಪಿನವರಿಗೆ ಏನು ಕೊಡ್ತಾರೆ?” ಅಂದರು. ಪತ್ರದಲ್ಲಿ ಅಲ್ಲಿ ಪ್ಲಸೀಬೊ (ನೋಡಲು ಔಷಧಿಯಂತೆಯೇ ಇದ್ದು ಒಳಗೆ ಔಷಧಿ ಇಲ್ಲದ್ದು) ಇದೆ, ನಾನು ‘ಹುಸಿಮದ್ದು’ ಎಂದು ಬರೆದುಬಿಟ್ಟಿದ್ದೇನೆ. ಈಗ ಅದನ್ನು ಅವರಿಗೆ ಓದಲು ಬಾಯಿ ಬರುತ್ತಿಲ್ಲ. ಇನ್ನೂ ಒಂದೂವರೆ ದಿನ ಇದೆ.